ಗಾಯ ಉಳಿದ ಮೈ

ಬಿದ್ದ ಮೇಲಿನ ಮೊದಲ ವರ್ಷ, ಯೇಸುವಿನ ಹೆಸರಿನಲ್ಲಿ ಎದ್ದು ನಡೆ ಎಂದು ನನಗೆ ಅಪ್ಪಣೆ ಕೊಟ್ಟವರು ಎಷ್ಟು ಮಂದಿಯೋ. ನೆಂಟರು, ಸಭೆಯವರು, ಮುಖ ಪರಿಚಯವೂ ಇಲ್ಲದವರು. ಕೆಲವರು ಎಣ್ಣೆ ಹಚ್ಚಿದರು. ಕೆಲವರು ಹಣೆಗೆ ಕೈಯಿಟ್ಟು ಓಣಿಗೆಲ್ಲ ಕೇಳುವಂತೆ ಕೂಗಿದರು. ಒಬ್ಬರು ಮುಂಬಯಿಯಿಂದ ಫೋನ್ ಮಾಡಿ, ಸ್ಪೀಕರ್ ಹಾಕಿಸಿ, ಫೋನನ್ನೇ ನನ್ನ ಮೊಣಕಾಲಿನ ಮೇಲೆ ಇಡಿಸಿ ಪ್ರಾರ್ಥನೆ ಮಾಡಿದರು. ಮೊಣಕಾಲಿಗೆ ಫೋನಿನ ಭಾರವೂ ತಿಳಿಯಲಿಲ್ಲ, ಪ್ರಾರ್ಥನೆಯೂ ತಿಳಿಯಲಿಲ್ಲ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ಅದನ್ನು ಈಗ ಹೇಳಬಲ್ಲೆ. ಆಗ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ನಾನು ಉಡುಪಿ ಕಡೆಯ ಬಡಗಿ. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಬಾಸೆಲ್ ಮಿಶನಿನವರು ಮಂಗಳೂರಿಗೆ ಹಡಗಿನಲ್ಲಿ ಬಂದಿಳಿದದ್ದು 1834ರಲ್ಲಿ. ಅವರ ಮಾತು ಕೇಳಿ ಕ್ರೈಸ್ತರಾದವರು ಎಷ್ಟೋ ಮಂದಿ ಮನೆಯಿಂದಲೂ ಹೋದರು, ಆಸ್ತಿಯಿಂದಲೂ ಹೋದರು, ಕೆಲಸದಿಂದಲೂ ಹೋದರು. ಅಂಥವರಿಗೆ ಅನ್ನದ ದಾರಿಯಾಗಲೆಂದು ಮಿಶನಿನವರು ನೇಯ್ಗೆ ಶುರು ಮಾಡಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನನ್ನ ಅಜ್ಜನ ತಂದೆ ಅಂಥದ್ದೇ ಒಂದು ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಅಜ್ಜ ಹಂಚು ಹೊದಿಸುವ ಕೆಲಸಕ್ಕೆ ಇಳಿದರು, ಅಪ್ಪ ಮಾಡಿನ ಮರಗೆಲಸಕ್ಕೆ, ನಾನೂ ಅದಕ್ಕೇ. ತಾರಸಿ ಮನೆಗಳು ಬಂದ ಮೇಲೆ ಹೊಸ ಮಾಡು ಕಟ್ಟಿಸುವವರು ಕಡಿಮೆ. ಆದರೂ ಮಳೆಗಾಲಕ್ಕೆ ಮೊದಲು ಹಳೆ ಮನೆಗಳ ಮಾಡು ಬಿಚ್ಚಿ ಹಂಚಿನ ಅಡಿಯ ಪಕ್ಕಾಸು, ರೀಪುಗಳ ಮರ ಬದಲಿಸುವ ಕೆಲಸಕ್ಕೆ ಬಿಡುವಿರುತ್ತಿರಲಿಲ್ಲ.

2014ರ ಮೇ ತಿಂಗಳು. ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತಿದ್ದ ಪಕ್ಕಾಸು, ಒಳಗೆ ಗೆದ್ದಲು ತಿಂದು ಬರೇ ಸಿಪ್ಪೆ ಉಳಿದಿತ್ತು. ಕಾಲಿಟ್ಟೆ, ಹೋಯಿತು. ಕೆಳಗೆ ಬಟ್ಟೆ ಒಗೆಯುವ ಕಲ್ಲು. ಪ್ರಜ್ಞೆ ತಪ್ಪಲಿಲ್ಲ. ಮಲಗಿದಲ್ಲಿಂದಲೇ ಆಕಾಶದ ಕಡೆ ಬಾಯಿ ತೆರೆದಿದ್ದ ಮಾಡನ್ನು ನೋಡಿ, ಮಳೆ ಬರುವ ಮೊದಲು ಇದನ್ನು ಮುಚ್ಚುವವರು ಯಾರು ಎಂದು ಯೋಚಿಸಿದ್ದು ನೆನಪಿದೆ. ಕಾಲು ಮಡಚಲು ನೋಡಿದೆ. ಕಾಲು ಎಲ್ಲಿದೆಯೆಂದೇ ಗೊತ್ತಾಗಲಿಲ್ಲ. ಬೆನ್ನು ಮುರಿದವನನ್ನು ಹಲಗೆಯ ಮೇಲೆ ಮಲಗಿಸಿಯೇ ಎತ್ತಬೇಕು, ಅದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಬ್ಯಾರಿ ಹುಡುಗ ತನ್ನ ರಿಕ್ಷಾ ತಂದ, ನಾಲ್ಕು ಜನ ಕೈಕಾಲು ಹಿಡಿದು ಅದರೊಳಗೆ ತುಂಬಿದರು.

ಆಸ್ಪತ್ರೆಯ ಕತೆ ಎಲ್ಲರದೂ ಒಂದೇ. ರಾಡು, ಸ್ಕ್ರೂ, ಸಾಲ. ಬೆನ್ನುಹುರಿ ಜಜ್ಜಿಹೋಗಿದೆ, ಸೊಂಟದ ಕೆಳಗೆ ಇನ್ನು ಸ್ಪರ್ಶ ಬರುವುದು ಕಷ್ಟ ಎಂದರು. ಮನೆಗೆ ಕಳಿಸುವಾಗ ಒಂದು ಚೀಟಿಯಲ್ಲಿ ಮಾತ್ರೆಗಳ ಹೆಸರುಗಳಿದ್ದವು. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಏನಾಗುತ್ತದೆ ಎಂದು ಆ ಚೀಟಿಯಲ್ಲಿರಲಿಲ್ಲ, ಬಾಯಿಮಾತಿನಲ್ಲೂ ಯಾರೂ ಹೇಳಲಿಲ್ಲ.

ಆದದ್ದನ್ನು ಹೇಳುತ್ತೇನೆ. ಮೊದಲು ಬೆನ್ನೆಲುಬು ಮುಗಿಯುವಲ್ಲಿ ಎಂಟಾಣೆಯಷ್ಟು ಅಗಲದ ಕೆಂಪು. ಸೆಕೆಗೆ ಬಂದ ಗುಳ್ಳೆ ಇರಬೇಕು ಎಂದು ಅಮ್ಮ ಶ್ರೀಗಂಧ ತೇದು ಹಚ್ಚಿದರು. ಕೆಂಪು ನೇರಳೆಯಾಯಿತು, ನೇರಳೆ ಕಪ್ಪಾಯಿತು. ಒಂದು ಬೆಳಿಗ್ಗೆ ಆ ಕಪ್ಪು ತೊಗಲು ಬೆಡ್‌ಶೀಟಿಗೆ ಅಂಟಿಕೊಂಡು ಎದ್ದು ಬಂತು. ಒಳಗೆ ಒಂದು ಗುಂಡಿ. ಮೇಲೆ ಕಾಣುವ ಬಾಯಿ ಸಣ್ಣದು, ತೊಗಲಿನ ಅಡಿಯಲ್ಲಿ ಅದು ನಾಲ್ಕೂ ಕಡೆ ಹರಡಿತ್ತು. ಹೆಂಡತಿ ಬೆರಳಿಟ್ಟು ನೋಡಿದಾಗ ಎರಡು ಗೆಣ್ಣು ಒಳಗೆ ಹೋಯಿತಂತೆ, ಬೆರಳ ತುದಿಗೆ ಗಟ್ಟಿಯಾಗಿ ಏನೋ ತಾಗಿತಂತೆ. ಅದು ಎಲುಬು. ಅವಳು ಅದನ್ನು ನನಗೆ ಹೇಳಿದ್ದು ಬಹಳ ಸಮಯದ ಮೇಲೆ. ನನಗಂತೂ ಒಂದಿಷ್ಟೂ ನೋವಿರಲಿಲ್ಲ. ನನ್ನ ಮೈ ಕೊಳೆಯುತ್ತಿತ್ತು, ಸುದ್ದಿ ನನಗೆ ಬೇರೆಯವರ ಮುಖ ನೋಡಿ ಸಿಗುತ್ತಿತ್ತು. ವಾಸನೆ ತಡೆಯಲಾರದೆ ಬಂದವರು ಬಾಗಿಲಲ್ಲೇ ಕುಳಿತು, ಸ್ವಲ್ಪ ಹೊತ್ತಿಗೆ ಕೆಮ್ಮಿ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಿಡುತ್ತಿದ್ದರು.

ಹೆಂಡತಿ ಬೀಡಿ ಕಟ್ಟುವವಳು. ಎಲೆ ಸುತ್ತಿ, ತುದಿ ಮಡಚಿ ಒಳಗೆ ಒತ್ತುವ ಬೆರಳುಗಳು ಅವಳದು. ಉಪ್ಪುನೀರಿನ ಬಾಟಲಿಯಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು ಅದೇ ಬೆರಳುಗಳಿಂದ ಆ ಗುಂಡಿಯ ಮೂಲೆ ಮೂಲೆಗೆ ತುಂಬುತ್ತಿದ್ದಳು. ಗಟ್ಟಿಯಾಗಿ ಒತ್ತಿ ತುರುಕಬಾರದು, ಪೊಳ್ಳೂ ಬಿಡಬಾರದು. ಇದನ್ನು ಅವಳಿಗೆ ಕಲಿಸಿದ್ದು ಆರೋಗ್ಯ ಕೇಂದ್ರದ ಒಬ್ಬರು ನರ್ಸ್. ರಾತ್ರಿ ಎರಡು ಗಂಟೆಗೆ ಅಲಾರಾಂ, ನಾಲ್ಕಕ್ಕೆ ಇನ್ನೊಂದು. ಎದ್ದು ನನ್ನನ್ನು ಮಗ್ಗುಲಿಗೆ ತಿರುಗಿಸಿ, ಮೊಣಕಾಲುಗಳ ನಡುವೆ ದಿಂಬು ಇಟ್ಟು, ಒಂದು ಮಾತಾಡದೆ ಮಲಗುತ್ತಿದ್ದಳು.

ಆ ದಿನಗಳಲ್ಲೇ ಸಂಬಂಧಿಕರು ಒಂದು ದೊಡ್ಡ ಸ್ವಸ್ಥತೆಯ ಕೂಟಕ್ಕೆ ನನ್ನನ್ನು ಕರೆದುಕೊಂಡು ಹೋದರು. ಶಾಮಿಯಾನ, ಕೀಬೋರ್ಡು, ಸಾವಿರಾರು ಜನ. ಬೋಧಕರು ವೇದಿಕೆಗೆ ಕರೆಸಿಕೊಂಡು, ಇಬ್ಬರಿಂದ ಕಂಕುಳಲ್ಲಿ ಎತ್ತಿಸಿ ನಿಲ್ಲಿಸಿದರು. ಜನ ಹಲ್ಲೆಲೂಯಾ ಎಂದರು. ನಿಂತದ್ದು ನಾನಲ್ಲ, ಆ ಇಬ್ಬರು ಹುಡುಗರ ತೋಳುಗಳು. ಸುಸ್ತಾಗಿ ಅವರು ಕೈ ಸಡಿಲ ಬಿಟ್ಟಾಗ ಕುಸಿದೆ, ಬಲಗಾಲಿನ ಹೆಬ್ಬೆರಳು ಹಲಗೆಯ ಸಂದಿಗೆ ಸಿಕ್ಕಿ ಉಗುರು ಕಿತ್ತು ಬಂತು. ರಕ್ತ ಕಂಡ ಮೇಲೆಯೇ ನನಗೆ ಗೊತ್ತಾದದ್ದು. ಬೋಧಕರು ಮೈಕಿನಲ್ಲಿ, ಸಹೋದರನ ವಿಶ್ವಾಸ ಇನ್ನೂ ಬೆಳೆಯಬೇಕು ಎಂದು ಹೇಳಿ ಮುಂದಿನವರನ್ನು ಕರೆದರು.

ಅಲ್ಲಿಂದ ಬಂದ ಮೇಲೆ ನಾನು ಕೇಳಿಕೊಂಡದ್ದು ಒಂದೇ. ಈ ಮೈ ಇಲ್ಲಿಯೇ ಬಿದ್ದಿರಲಿ, ಆತ್ಮವನ್ನು ಮಾತ್ರ ಕರೆದುಕೋ. ಭಾನುವಾರಗಳಲ್ಲಿ ಬಾಯಿಪಾಠವಾಗಿ ಹೇಳಿದ ವಿಶ್ವಾಸ ಪ್ರಮಾಣದಲ್ಲಿ ಶರೀರವೇ ಎದ್ದು ಬರುತ್ತದೆ ಎಂಬ ಮಾತಿದೆ. ಅದು ನೆನಪಾದರೆ ಹೆದರಿಕೆಯಾಗುತ್ತಿತ್ತು. ಯಾವ ಶರೀರ? ಇದಾ? ಇದನ್ನು ಪುನಃ ಕೊಡುವುದಾದರೆ ನನಗೆ ಬೇಡ. ನಮ್ಮ ಸುತ್ತಲಿನ ಎಷ್ಟೋ ಜನ ನಂಬುವಂತೆ ಮೈ ಎಂಬುದು ಹಳೆ ಬಟ್ಟೆ, ಕಳಚಿ ಹೋದರಾಯಿತು ಎಂಬುದು ಆಗ ನನಗೆ ಹೆಚ್ಚು ಸಮಾಧಾನದ ಮಾತಾಗಿ ಕಂಡಿತ್ತು.

ನಮ್ಮ ಸಭೆಗೆ ಆ ವರ್ಷ ಹೊಸದಾಗಿ ಬಂದ ಸಭಾಪಾಲಕರು, ಬಲ್ಮಠದ ದೇವಜ್ಞಾನ ಕಾಲೇಜಿನಲ್ಲಿ ಓದಿದವರು. ಅವರು ಒಂದು ಸಂಜೆ ಮನೆಗೆ ಬಂದಾಗ ಹೆಂಡತಿ ಡ್ರೆಸ್ಸಿಂಗ್‌ಗೆ ಕುಳಿತಿದ್ದಳು. ಕರೆಂಟ್ ಇರಲಿಲ್ಲ.

"ಅಯ್ಯನವರೇ, ಸ್ವಲ್ಪ ಹೊತ್ತು ಹೊರಗೆ ಕೂತ್ಕೊಳ್ಳಿ, ಈಗ ಮುಗಿತದೆ" ಎಂದಳು.

"ಟಾರ್ಚ್ ಹಿಡಿಲಿಕ್ಕೆ ಜನ ಬೇಡ್ವಾ?" ಎಂದು ಅವರು ಒಳಗೆ ಬಂದರು.

ಮುಗಿಯುವವರೆಗೂ ಹಿಡಿದರು. ಮುಖ ತಿರುಗಿಸಲಿಲ್ಲ. ಕೈತೊಳೆದು ಬಂದು ಚಹಾ ಕುಡಿಯುತ್ತ, ಪ್ರಾರ್ಥನೆಗೆ ಮೊದಲು ಒಂದು ವಿಷಯ ಹೇಳಿದರು. ಭಾನುವಾರ ನಸುಕಿನಲ್ಲಿ ಯೇಸುವಿನ ಸಮಾಧಿಗೆ ಹೋದ ಆ ಹೆಂಗಸರು ಏನು ಮಾಡಲು ಹೋದದ್ದು? ಪವಾಡ ನೋಡಲು ಅಲ್ಲ. ಎದ್ದಿದ್ದಾನೆ ಎಂಬ ನಂಬಿಕೆಯಿಂದಲೂ ಅಲ್ಲ. ಸತ್ತ ಮೈಗೆ ಸುಗಂಧದ್ರವ್ಯ ಹಚ್ಚಲು. ಬಾಗಿಲಿನ ಕಲ್ಲನ್ನು ಯಾರು ಉರುಳಿಸುವುದು ಎಂಬ ಲೆಕ್ಕವೂ ಇಲ್ಲದೆ ಹೊರಟಿದ್ದರು. ಶಿಷ್ಯರು ಬಾಗಿಲು ಹಾಕಿಕೊಂಡು ಕುಳಿತಿದ್ದಾಗ, ವಾಸನೆ ಬರುವ ಮೈಯ ಹತ್ತಿರ ಹೋಗಲು ಹೇಸದವರಿಗೆ ಮೊದಲ ಸುದ್ದಿ ಸಿಕ್ಕಿತು. ಇಷ್ಟು ಹೇಳಿ ಅವರು ನನ್ನ ಹೆಂಡತಿಯ ಕಡೆ ನೋಡಿದರು. ಅವಳು ಗಾಜ್ ತುಂಡುಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು, ಕೇಳಿಸಿಕೊಂಡಳೋ ಇಲ್ಲವೋ.

ಆಮೇಲೆ ನನ್ನ ಪ್ರಶ್ನೆಗೆ ಬಂದರು. ಎದ್ದು ಬರುವುದು ಇದೇ ಮೈಯಾ ಎಂದು ಅವರನ್ನು ಕೇಳಿದ್ದೆ. ಎದ್ದ ಯೇಸು ಹೇಗಿದ್ದ ಎಂದು ಅವರು ನನ್ನನ್ನೇ ಕೇಳಿದರು. ನಾನು ಸಂಡೇ ಸ್ಕೂಲಿನ ಚಿತ್ರ ನೆನಪಿಸಿಕೊಂಡೆ, ಬಿಳಿ ಬಟ್ಟೆ, ಬೆಳಕು. "ಕೈಯಲ್ಲಿ?" ಎಂದರು. ತೂತು. ಮರಣವನ್ನೇ ಗೆದ್ದವನಿಗೆ ಕೈಯ ತೂತು ಮುಚ್ಚುವುದು ದೊಡ್ಡ ಕೆಲಸವಾಗಿತ್ತೇ? ಮುಚ್ಚಲಿಲ್ಲ. ಗುರುತು ಹಿಡಿಯದ ಶಿಷ್ಯರಿಗೆ ಗುರುತಿಗೆಂದು ತೋರಿಸಿದ್ದು ಕೈಕಾಲು ಮತ್ತು ಪಕ್ಕೆ. ನಂಬದಿದ್ದ ತೋಮನಿಗೆ ಬೆರಳಿಟ್ಟು ನೋಡು ಎಂದ. ಶಿಷ್ಯರೆದುರಲ್ಲೇ ಸುಟ್ಟ ಮೀನನ್ನೂ ತಿಂದ, ತಾನು ಬರೇ ಆತ್ಮವಲ್ಲ ಎಂದು ತೋರಿಸಲು.

ಅಮೆರಿಕದ ನ್ಯಾನ್ಸಿ ಈಸ್‌ಲಂಡ್ ಎಂಬ ಹೆಂಗಸು, ಹುಟ್ಟಿನಿಂದ ಮೂಳೆಯ ಊನವಿದ್ದವರು, ಇದನ್ನೇ ಹಿಡಿದು 1994ರಲ್ಲಿ ಒಂದು ಪುಸ್ತಕ ಬರೆದಿದ್ದಾರಂತೆ. ಎದ್ದ ಕ್ರಿಸ್ತನೇ ಊನವಿರುವ ದೇವರು ಎಂಬುದು ಅದರ ಮಾತು. ನಾನದನ್ನು ಓದಿಲ್ಲ, ಓದುವಷ್ಟು ಇಂಗ್ಲಿಷ್ ನನಗಿಲ್ಲ. ಆದರೆ ಅವರು ಯಾವ ಕಡೆಯಿಂದ ನೋಡಿದರು ಎಂಬುದು ಮಲಗಿದಲ್ಲಿಂದ ನನಗೂ ಕಾಣುತ್ತದೆ.

ಆ ಸಂಜೆಯೇ ನನಗೆ ಹೊಸ ಜೀವ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ರಾತ್ರಿ ಜ್ವರ ಬಂತು, ಮೂತ್ರದ ಸೋಂಕು. ವಿಚಾರ ಮಾತ್ರ ತಲೆಯಲ್ಲಿ ಉಳಿಯಿತು.

ಸಭಾಪಾಲಕರೇ ಓಡಾಡಿ ವೆಲ್ಲೂರಿಗೆ ಹೋಗುವ ಏರ್ಪಾಡು ಮಾಡಿದರು. ಮಂಗಳೂರಿನಿಂದ ಚೆನ್ನೈ ರೈಲು, ಕಾಟ್ಪಾಡಿಯಲ್ಲಿ ಇಳಿಯಬೇಕು. ಇಳಿಸಿದ್ದು ಅದೇ ರಿಕ್ಷಾದ ಹುಡುಗ, ರಜೆ ಮಾಡಿ ಜೊತೆಗೆ ಬಂದಿದ್ದ. ಅಲ್ಲಿನ ಸಿಎಂಸಿ ಆಸ್ಪತ್ರೆಯಲ್ಲಿ ಗುಂಡಿಯನ್ನು ಕೆರೆದು ಶುದ್ಧ ಮಾಡಿ, ಪಕ್ಕದ ಮಾಂಸವನ್ನು ತಿರುಗಿಸಿ ತಂದು ಮುಚ್ಚಿದರು. ಅದು ಕೂಡುವವರೆಗೆ ಬೋರಲು ಮಲಗುವುದು. ಆಮೇಲೆ ಬಾಗಾಯಂನಲ್ಲಿರುವ ಪುನರ್ವಸತಿ ಕೇಂದ್ರ.

ಆ ಕೇಂದ್ರವನ್ನು ಕಟ್ಟಿದವರು ಡಾಕ್ಟರ್ ಮೇರಿ ವರ್ಗೀಸ್, ಕೊಚ್ಚಿಯ ಕಡೆಯವರು. 1954ರಲ್ಲಿ, ಡಾಕ್ಟರಾಗಿ ಇನ್ನೂ ಎಳೆಯ ವಯಸ್ಸಿನಲ್ಲೇ, ಗಾಡಿ ಮಗುಚಿ ಬಿದ್ದು ಬೆನ್ನುಹುರಿ ಹೋಯಿತು. ಅವರ ಗುರು ಪಾಲ್ ಬ್ರಾಂಡ್, ಕುಷ್ಠದಿಂದ ಮಡಚಿಹೋದ ಕೈಗಳನ್ನು ಶಸ್ತ್ರಕ್ರಿಯೆಯಿಂದ ಬಿಡಿಸುತ್ತಿದ್ದವರು. ಕುಳಿತೇ ಮಾಡಬಹುದಾದ ಶಸ್ತ್ರಕ್ರಿಯೆ ಅದು ಎಂದು ಮೇರಿಯವರು ಗಾಲಿಕುರ್ಚಿಯಲ್ಲಿ ಕುಳಿತು ಆ ಕೈಗಳ ಮೇಲೆ ಕೆಲಸ ಮಾಡಿದರು. ಮುಂದೆ ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು ಬಂದು, 1966ರಲ್ಲಿ ಬಾಗಾಯಂ ಕೇಂದ್ರ ತೆರೆದರು. ತೀರಿಹೋದದ್ದು 1986ರಲ್ಲಿ. ಎದ್ದು ನಡೆಯದೆ ಇಷ್ಟು ಮಾಡಿದರು. ಅವರ ವಿಶ್ವಾಸ ಸಾಲದು ಎಂದು ಯಾರಾದರೂ ಮೈಕ್ ಹಿಡಿದು ಹೇಳಿದ್ದರೋ ಏನೋ, ಹೇಳುವವರು ಎಲ್ಲ ಕಾಲದಲ್ಲೂ ಇರುತ್ತಾರೆ.

ಪಾಲ್ ಬ್ರಾಂಡ್ ಕಂಡುಕೊಂಡ ಒಂದು ಸಂಗತಿ ನನಗೆ ಅಲ್ಲಿ ಬುಡಸಮೇತ ಅರ್ಥವಾಯಿತು. ಕುಷ್ಠರೋಗಿಗಳ ಬೆರಳು ತನ್ನಷ್ಟಕ್ಕೆ ಉದುರುವುದಲ್ಲ. ನೋವು ಗೊತ್ತಾಗದ್ದರಿಂದ ಸುಟ್ಟುಕೊಂಡು, ಕೊಯ್ದುಕೊಂಡು, ಆ ಗಾಯದ ಮೇಲೇ ಕೆಲಸ ಮಾಡಿ ಬೆರಳು ಸವೆಯುತ್ತದೆ. ನೋವು ದೇವರ ವರ ಎಂದು ಅವರು ಹೇಳುತ್ತಿದ್ದರು. ನೋವಿಲ್ಲದ ಮೈಯನ್ನು ಕಣ್ಣಿನಿಂದಲೇ ಕಾಯಬೇಕು. ನನಗೆ ಅಲ್ಲಿ ಕೊಟ್ಟದ್ದು ಉದ್ದ ಹಿಡಿಯ ಒಂದು ಕನ್ನಡಿ. ಬೆಳಿಗ್ಗೆ ಎದ್ದ ಕೂಡಲೇ, ರಾತ್ರಿ ಮಲಗುವ ಮೊದಲು, ಮಗ್ಗುಲಾಗಿ ಕನ್ನಡಿ ಹಿಂದೆ ಹಿಡಿದು ಸೊಂಟ, ಪೃಷ್ಠ, ಹಿಮ್ಮಡಿ ಎಲ್ಲ ನೋಡುವುದು. ಕೆಂಪು ಕಂಡರೆ ಆ ಜಾಗದ ಮೇಲೆ ಆ ದಿನ ಭಾರ ಹಾಕುವಂತಿಲ್ಲ. ಕುರ್ಚಿಯಲ್ಲಿದ್ದಾಗ ಕಾಲುಗಂಟೆಗೊಮ್ಮೆ ಎರಡು ಕೈ ಊರಿ ಸೊಂಟ ಎತ್ತಿ ಹಿಡಿಯುವುದು. ನಾಲ್ಕೈದು ಗಂಟೆಗೊಮ್ಮೆ ಕೈ ತೊಳೆದು ನಾನೇ ನಳಿಗೆ ಹಾಕಿ ಮೂತ್ರ ತೆಗೆಯುವುದು.

ಮೊದಲ ಸಲ ಕನ್ನಡಿಯಲ್ಲಿ ಆ ಕಲೆ ನೋಡಿದಾಗ ಹೊಟ್ಟೆ ತೊಳಸಿತು. ಹೊಲಿಗೆಯ ಗೆರೆ, ಅದರ ಒಳಗೆ ಬೇರೆ ಬಣ್ಣದ ಮಾಂಸ. ಅಷ್ಟು ಸಮಯ ಹೆಂಡತಿ ನೋಡುತ್ತ ಬಂದದ್ದನ್ನು ಅಂದು ನಾನೂ ನೋಡಿದೆ. ಈಗ ದಿನಾ ನೋಡುತ್ತೇನೆ. ಕೆಲವರು ಬೆಳಿಗ್ಗೆ ಬೈಬಲ್ ಓದುತ್ತಾರೆ, ನಾನು ಮೊದಲು ಬೆನ್ನು ಓದಿ ಆಮೇಲೆ ಬೈಬಲ್ ಓದುತ್ತೇನೆ. ಎದ್ದು ಬರಬೇಕಾದ್ದು ಇದೇ ಮೈಯಾದರೆ ಇದನ್ನು ನಿಕೃಷ್ಟವಾಗಿ ಕಾಣಲು ನನಗೆ ಹಕ್ಕಿಲ್ಲ. ಉಗುರು ಕತ್ತರಿಸುವುದು, ಹಿಮ್ಮಡಿಗೆ ಎಣ್ಣೆ ಹಚ್ಚುವುದು, ಹೊತ್ತಿಗೆ ನೀರು ಕುಡಿಯುವುದು, ನನ್ನ ವಿಶ್ವಾಸ ಈಗ ಇರುವುದು ಇಲ್ಲಿಯೇ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಪುನರುತ್ಥಾನದ ಬಗ್ಗೆ ಉದ್ದಕ್ಕೆ ವಾದ ಮಾಡಿ, ಕೊನೆಗೆ ಬಂದು ನಿಲ್ಲುವುದು ಆಕಾಶದಲ್ಲಲ್ಲ, ಕೆಲಸದಲ್ಲಿ. ನೀವು ಪಡುವ ಶ್ರಮ ಪೊಳ್ಳಲ್ಲ ಎನ್ನುತ್ತಾನೆ. ತನ್ನದೇ ಮೈಯ ಮುಳ್ಳನ್ನು ತೆಗೆ ಎಂದು ಮೂರು ಸಲ ಬೇಡಿಕೊಂಡು, ತೆಗೆಸಿಕೊಳ್ಳಲಾಗದೆ ಉಳಿದವನು ಅವನು. ಅವನ ಮಾತಿಗೆ ನಾನು ಬೆಲೆ ಕೊಡುತ್ತೇನೆ.

ನಮ್ಮಲ್ಲಿ ಈಸ್ಟರ್ ದಿನ ಬೆಳಕು ಹರಿಯುವ ಮೊದಲೇ ಸ್ಮಶಾನದಲ್ಲಿ ಆರಾಧನೆ. ಇಂಥದ್ದು ಮೊದಲು ನಡೆದದ್ದು 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಸ್ಮಶಾನದಲ್ಲಂತೆ. ಹಿಂದಿನ ದಿನವೇ ಹೋಗಿ ಹುಲ್ಲು ಹೆರೆದು, ಸಮಾಧಿಗಳಿಗೆ ಸುಣ್ಣ ಹೊಡೆಯುತ್ತೇವೆ. ಕತ್ತಲಲ್ಲಿ ಗಾಲಿಕುರ್ಚಿ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ, ಇಬ್ಬರು ಎತ್ತಬೇಕು. ಅಪ್ಪ, ಅಜ್ಜ, ಇಬ್ಬರೂ ಅಲ್ಲಿಯೇ ಇದ್ದಾರೆ. ಅಲ್ಲಿಂದ ಬಂದು ಅಪ್ಪ ಮತ್ತು ಬಂಗುಡೆ ಸಾರು. ಈ ಅಪ್ಪ ಅಕ್ಕಿಯದ್ದು, ತಪ್ಪು ತಿಳಿಯಬೇಡಿ.

ಒಂದು ಈಸ್ಟರಿನ ಮಧ್ಯಾಹ್ನ ಹೆಂಡತಿಯನ್ನು ಕೇಳಿದೆ, "ಎದ್ದು ಬಂದ ಮೇಲೆ ಅಲ್ಲಿ ನಾನು ಹೇಗಿರ್ತೇನೆ ಅಂತ ನಿನಗೆ ಅನ್ನಿಸ್ತದೆ? ಕುರ್ಚಿ ಇರ್ತದಾ?"

"ನಿಮ್ಮದು ನನಗೆ ಗೊತ್ತಿಲ್ಲ" ಎಂದಳು. "ಅಲ್ಲಿ ಎರಡು ಗಂಟೆಯ ಅಲಾರಾಂ ಇಲ್ಲದಿದ್ರೆ ನನಗೆ ಸಾಕು."

ಅದಕ್ಕಿಂತ ಹೆಚ್ಚು ನಾನೂ ಹೇಳಲಾರೆ. ನಡೆಯುತ್ತೇನೋ ಏನೋ. ಸತ್ತ ಲಾಜರನನ್ನು ಯೇಸು ಎಬ್ಬಿಸಿದ್ದೂ ನಿಜ, ಅವನು ಮತ್ತೆ ಒಂದು ದಿನ ಸತ್ತಿರಬೇಕು ಎಂಬುದೂ ನಿಜ. ನಾನು ಕಾಯುವುದು ಅಂಥ ಎಬ್ಬಿಸುವಿಕೆಗಲ್ಲ. ನಮ್ಮನ್ನು ಗುರುತು ಹಿಡಿಯುವಂತೆ ಎಬ್ಬಿಸುತ್ತಾನೆ ಎಂಬಷ್ಟು ನಂಬಿಕೆಯಿದೆ. ಅವಳ ಬೆರಳಿನ ಕೆಲಸ ನನ್ನ ಬೆನ್ನಿನಲ್ಲಿದೆ. ಅದನ್ನು ಅಳಿಸಿ ನುಣ್ಣಗೆ ಮಾಡಿ ಕೊಟ್ಟರೆ ನಾನೇ ಜಗಳ ಮಾಡಿಯೇನು.

ವೆಲ್ಲೂರಿನಿಂದ ಬಂದ ಮೇಲೆ ಉಳಿಯನ್ನು ಮತ್ತೆ ಹಿಡಿದೆ. ಜಗಲಿಯಲ್ಲಿ ಮೇಜನ್ನು ಕುರ್ಚಿಯ ಎತ್ತರಕ್ಕೆ ಕುಗ್ಗಿಸಿಕೊಂಡೆ. ಹೆರೆಮಣೆ, ಚಪಾತಿ ಮಣೆ, ಸ್ಟೂಲು. ಹೆಚ್ಚಾಗಿ ಮಾಡುವುದು ಜಾರುಹಲಗೆ, ಹಾಸಿಗೆಯಿಂದ ಗಾಲಿಕುರ್ಚಿಗೆ ಜರುಗಲು. ಅಂಗಡಿಯಲ್ಲಿ ಸಿಗುವಂಥದ್ದಕ್ಕೆ ಬೆಲೆ ಜಾಸ್ತಿ. ಎರಡೂ ತುದಿಯನ್ನು ತೆಳ್ಳಗೆ ಇಳಿಜಾರಾಗಿ ಕೀಸಬೇಕು, ಇಲ್ಲದಿದ್ದರೆ ತೊಡೆಯ ಅಡಿಗೆ ಹೋಗುವುದಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿ ಪಾಲಿಶ್ ಹೊಡೆದ ಮೇಲೆ ಹಳೆಯ ನೈಲಾನ್ ಕಾಲುಚೀಲವೊಂದನ್ನು ಅದರ ಮೇಲೆ ಎಳೆದು ನೋಡುತ್ತೇನೆ. ಎಲ್ಲಿಯಾದರೂ ನೂಲು ಸಿಕ್ಕಿದರೆ ಅಲ್ಲಿ ಸಿಬಿರು ಉಂಟು. ನಿಮಗೆ ಸಿಬಿರು ಚುಚ್ಚಿದರೆ ಅಯ್ಯೋ ಎನ್ನುತ್ತೀರಿ. ನಮ್ಮಂಥವರಿಗೆ ಅದು ಮೂರು ತಿಂಗಳ ಹಾಸಿಗೆ.

ಅಡಿಕೆ ಮರದಿಂದ ಬಿದ್ದವರು, ಮಾಡಿನಿಂದ ಬಿದ್ದವರು, ಬೈಕಿನಿಂದ ಬಿದ್ದವರು. ಯಾರಾದರೂ ಬಿದ್ದ ಸುದ್ದಿ ಸಿಕ್ಕಿದರೆ ರಿಕ್ಷಾದಲ್ಲಿ ಹೋಗುತ್ತೇನೆ. ಅವರು ಯಾವ ಜಾತಿ, ಯಾವ ದೇವರು ಎಂದು ಕೇಳುವುದಿಲ್ಲ, ಬೋಧನೆಯನ್ನೂ ಮಾಡುವುದಿಲ್ಲ. ಮನೆಯವರನ್ನು ಕರೆದು ಕನ್ನಡಿ ಕೊಟ್ಟು, ಬೆನ್ನು ಹೇಗೆ ನೋಡುವುದೆಂದು ತೋರಿಸುತ್ತೇನೆ. ಆಸ್ಪತ್ರೆಯ ಚೀಟಿಯಲ್ಲಿ ಬರೆಯದೆ ಬಿಟ್ಟದ್ದನ್ನೆಲ್ಲ ಬಾಯಲ್ಲಿ ಹೇಳುತ್ತೇನೆ.

ಇತ್ತೀಚೆಗೆ ಜಗಳವಾದದ್ದು ನಮ್ಮ ಸಭೆಯಲ್ಲೇ. ಚರ್ಚಿಗೆ ಮೂರು ಮೆಟ್ಟಿಲು, ಒಟ್ಟು ಒಂದೂವರೆ ಅಡಿ ಎತ್ತರ. ಇಳಿಜಾರು ಕಟ್ಟಿಸೋಣ ಎಂದು ಹಿರಿಯರು ಒಪ್ಪಿದರು, ಆರು ಅಡಿ ಉದ್ದಕ್ಕೆ ಗೆರೆಯನ್ನೂ ಎಳೆದರು. ಒಂದಕ್ಕೆ ಹನ್ನೆರಡರ ಲೆಕ್ಕ, ಹದಿನೆಂಟು ಅಡಿ ಬೇಕು ಎಂದೆ. ಅಷ್ಟು ಉದ್ದವಾದರೆ ಹೂವಿನ ಕುಂಡಗಳಿಗೆ ಜಾಗ ಎಲ್ಲಿ, ನಿನ್ನನ್ನು ಹೇಗೂ ನಾವು ಎತ್ತುತ್ತೇವಲ್ಲ ಎಂದರು. ಎತ್ತಿಸಿಕೊಳ್ಳುವುದು ಸಾಕಾಗಿದೆ, ಒಮ್ಮೆ ವೇದಿಕೆಯ ಮೇಲೆ ಎತ್ತಿಸಿಕೊಂಡು ಉಗುರು ಕಳಕೊಂಡಿದ್ದೇನೆ ಎಂದು ಹೇಳಿದೆ. ಮೂರು ಮೀಟಿಂಗು ಆಯಿತು. ಕೊನೆಗೆ ಖಜಾಂಚಿಯವರ ಅಮ್ಮನ ಮೊಣಕಾಲು ಹಿಡಿದುಕೊಂಡದ್ದೇ ನನಗೆ ಅನುಕೂಲವಾಯಿತು. ಹದಿನೆಂಟು ಅಡಿಯೇ ಕಟ್ಟಿದರು. ಈಗ ಅದರ ಮೇಲೆ ನನಗಿಂತ ಮೊದಲು ಹತ್ತುವವರು ಅಜ್ಜಿಯಂದಿರು, ಮಗುವಿನ ತಳ್ಳುಗಾಡಿಯವರು, ಮಳೆಗಾಲದಲ್ಲಿ ಊರಿನ ಎರಡು ನಾಯಿಗಳು. ಕುಂಡಗಳನ್ನು ಪಕ್ಕದ ಗೋಡೆಯ ಮೇಲೆ ಇಟ್ಟಿದ್ದಾರೆ. ನೀರು ಹಾಕಲು ಕೈಗೆಟುಕುವುದಿಲ್ಲವೆಂದು ಹಿರಿಯರೊಬ್ಬರು ಸ್ಟೂಲಿಗೆ ಆರ್ಡರ್ ಕೊಟ್ಟರು, ಹಣ ಮಾತ್ರ ಇನ್ನೂ ಬಂದಿಲ್ಲ.